ತೋಟದ ನೆರಳಿಗೆ ಸಿಲ್ವರ್ ಓಕಾ, ಕಾಡು ಮರಾನಾ?

ಕೊಡಗಲ್ಲಿ ಹೊಸದಾಗಿ ಕಾಫಿ ತೋಟ ತಗೊಂಡೋರು ಮೊದ್ಲು ಕೇಳೋದೇ ಇದು. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮರ, ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಕರಿಮೆಣಸು ಹಬ್ಬಿಸೋಕೆ ಚೆನ್ನಾಗಿದೆ, ಕಡಿದು ಮಾರೋದೂ ಸುಲಭ. ದುಡ್ಡಿನ ಲೆಕ್ಕದಲ್ಲಿ ಅದನ್ನ ತಳ್ಳಿಹಾಕೋ ಹಾಗಿಲ್ಲ.

ಆದ್ರೆ ಹಲಸು, ಅತ್ತಿ, ನಂದಿ, ಬೀಟೆ ಇರೋ ಹಳೇ ತೋಟದಲ್ಲಿ ಏಪ್ರಿಲ್ ಮಧ್ಯಾಹ್ನ ಒಂದ್ಸಲ ನಿಂತು ನೋಡಿ, ಕಾಲಡಿ ಎಲೆ ಗೊಬ್ಬರ ಮೆತ್ತಗಿರುತ್ತೆ, ಮಣ್ಣು ತೇವ ಹಿಡ್ಕೊಂಡಿರುತ್ತೆ, ಅತ್ತಿ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತೆ, ಅದು ಬೀಜ ಬೇರೆ ಕಡೆ ಹಾಕುತ್ತೆ, ಜೋರು ಮಳೆ ನೇರ ಮಣ್ಣಿಗೆ ಬಡಿಯಲ್ಲ, ಆ ನೀರು ನಿಧಾನ ಇಂಗಿ ತೋಡಿಗೆ, ಅಲ್ಲಿಂದ ಕಾವೇರಿಗೆ. ಅರೇಬಿಕಾ ಕಾಫಿ ಇದ್ರಂತೂ ನೆರಳು ತೆಳುವಾದಲ್ಲಿ ಗಿಡದ ಕಾಂಡ ಕೊರೆಯೋ ಹುಳ, ಬಿಳಿ ಕಾಂಡಕೊರಕ, ಜಾಸ್ತಿ, ಇದನ್ನ ಹಗುರವಾಗಿ ತಗೋಬೇಡಿ. ರೊಬಸ್ಟಾ ಕಾಫಿಗೆ ಸ್ವಲ್ಪ ಬಿಸಿಲು ನಡೆಯುತ್ತೆ.

ಕಷ್ಟ ಏನಂದ್ರೆ ಹಲಸಿಗೆ ಆನೆ ಬರುತ್ತೆ, ಕಾಡಂಚಿನ ತೋಟದೋರಿಗೆ ಇದು ಸಣ್ಣ ಮಾತಲ್ಲ. ನೆರಳು ಹೆಚ್ಚಾದಾಗ ಕೊಂಬೆ ಸವರೋಕೆ ಆಳೂ ಬೇಕು.

ನನ್ನನ್ನ ಕೇಳಿದ್ರೆ ಇರೋ ಕಾಡು ಮರ ಒಂದನ್ನೂ ಕಡೀಬೇಡಿ, ಖಾಲಿ ಜಾಗಕ್ಕೆ ಹಾಲುವಾಣ ಮರ ಹಾಕಿ, ಅದು ಮಣ್ಣಿಗೆ ಸಾರಜನಕ ಕೊಡುತ್ತೆ, ಓಕ್ ಬೇಕೇ ಬೇಕಂದ್ರೆ ಬೇಲಿ ಸಾಲಲ್ಲಿ ಇರ್ಲಿ.