ವೆಂಟಿಲೇಟರ್‌ನಲ್ಲಿ ನಿಮ್ಮವರಿದ್ದರೆ ಮೊದಲು ಮಂಚದ ತಲೆಭಾಗ ನೋಡಿ

ನಮ್ಮ ಚಿಕ್ಕಪ್ಪನನ್ನು ಐಸಿಯುಗೆ ಸೇರಿಸಿದ್ದು ತಲೆಗೆ ಪೆಟ್ಟು ಬಿದ್ದಿದ್ದಕ್ಕೆ. ಎದೆಯ ಎಕ್ಸ್‌ರೇ ಚೆನ್ನಾಗೇ ಇತ್ತು. ಪ್ರಜ್ಞೆ ಇರಲಿಲ್ಲ ಅಂತ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಹಾಕಿದರು. ಮೆದುಳಿನ ಬಾವು ಇಳಿಯುತ್ತಿದೆ, ಇನ್ನೇನು ಟ್ಯೂಬ್ ತೆಗೆಯಬಹುದು ಅನ್ನುವಷ್ಟರಲ್ಲಿ ಜ್ವರ ಬಂತು, ಕಫ ಹಸಿರಾಯಿತು, ಆಕ್ಸಿಜನ್ ಜಾಸ್ತಿ ಮಾಡಬೇಕಾಯಿತು, ಹೊಸ ಎಕ್ಸ್‌ರೇಯಲ್ಲಿ ಬಲಗಡೆ ಬೆಳ್ಳಗೆ ಕಂಡಿತು. "ವೆಂಟಿಲೇಟರ್ ನ್ಯುಮೋನಿಯಾ, ಐಸಿಯು ಅಂದಮೇಲೆ ಇದೆಲ್ಲ ಇದ್ದದ್ದೇ" ಅಂದುಬಿಟ್ಟರು ಡ್ಯೂಟಿ ಡಾಕ್ಟರು.

ಬರುತ್ತೆ, ನಿಜ. ಎಷ್ಟೇ ಜೋಪಾನ ಮಾಡಿದರೂ ಕೆಲವರಿಗೆ ಬರುತ್ತೆ. ಆದರೆ ಇದ್ದದ್ದೇ ಅಂತ ಕೈಬಿಡುವಂಥದ್ದಲ್ಲ ಇದು.

ಟ್ಯೂಬ್ ಹಾಕಿದವರು ಕೆಮ್ಮಿ ಉಗುಳಲು ಆಗಲ್ಲ ಅಲ್ವಾ? ಟ್ಯೂಬಿನ ಕೆಳತುದಿಯ ಹತ್ತಿರ ಗಾಳಿ ತುಂಬಿದ ಸಣ್ಣ ಬಲೂನು ಇರುತ್ತದೆ. ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು ಎಲ್ಲ ಅದರ ಮೇಲೆ ನಿಂತು, ಸಂದಿಯಲ್ಲಿ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರ ಜೊತೆ ಬಾಯಲ್ಲಿರುವ ಬ್ಯಾಕ್ಟೀರಿಯಾನೂ. ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನೇ ವೆಂಟಿಲೇಟರ್ ನ್ಯುಮೋನಿಯಾ ಅಂತ ಕರೆಯುವುದು. ದಿನ ಹೆಚ್ಚಾದಷ್ಟೂ ಅಪಾಯ.

ನಾವು ಒಳಗೆ ಹೋದಾಗೆಲ್ಲ ಕಂಡದ್ದು ಹೇಳುತ್ತೇನೆ. ಮೈ ಒರೆಸಲು ಮಂಚ ಮಟ್ಟ ಮಾಡಿದವರು ಮತ್ತೆ ಎತ್ತುತ್ತಿರಲಿಲ್ಲ. ತುಟಿ ಒಡೆದು, ಹಲ್ಲಿನ ಮೇಲೆ ಕಂದು ಪೊರೆ ಕಟ್ಟಿತ್ತು. ವೆಂಟಿಲೇಟರ್ ಪೈಪಿನ ಬಾಗಿದ ಜಾಗದಲ್ಲಿ ನೀರು ನಿಂತು ಗುಳುಗುಳು ಅನ್ನುತ್ತಿತ್ತು. ಪಕ್ಕದ ಮಂಚದವರಿಗೆ ಸಕ್ಷನ್ ಮಾಡಿದ, ಅಂದರೆ ಕಫ ಎಳೆದು ತೆಗೆದ, ಅದೇ ಗ್ಲೌಸ್‌ನಲ್ಲಿ ಚಿಕ್ಕಪ್ಪನ ಟ್ಯೂಬ್ ಮುಟ್ಟಿದ್ದನ್ನು ಚಿಕ್ಕಮ್ಮ ಕಣ್ಣಾರೆ ನೋಡಿದರು. ಸಿಸ್ಟರ್‌ಗಳನ್ನು ಬೈಯಲು ಮನಸ್ಸಿಲ್ಲ, ಒಬ್ಬೊಬ್ಬರ ಮೇಲೆ ಅಷ್ಟು ಮಂಚ ಹಾಕಿದವರನ್ನು ಕೇಳಬೇಕು.

ನಿಮ್ಮವರು ಒಳಗಿದ್ದರೆ ಕೇಳಿ, ಸಂಕೋಚ ಬೇಡ. ಬೆನ್ನುಮೂಳೆ ಪೆಟ್ಟಿನಂಥ ಕಾರಣ ಇಲ್ಲದಿದ್ದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ದಿನಾ ಬ್ರಷ್‌ನಿಂದ ಹಲ್ಲು ಉಜ್ಜಬೇಕು. ಬಲೂನಿನ ಒತ್ತಡವನ್ನು ಮೀಟರ್ ಇಟ್ಟು ನೋಡುತ್ತಾರಾ ಅಂತ ವಿಚಾರಿಸಿ, ಕೈಯಲ್ಲಿ ಹಿಚುಕಿ ನೋಡಿದರೆ ಗೊತ್ತಾಗಲ್ಲ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: "ಡಾಕ್ಟ್ರೇ, ಇವತ್ತು ನಿದ್ದೆ ಔಷಧಿ ಕಡಿಮೆ ಮಾಡಿ, ಸ್ವಂತ ಉಸಿರಾಡ್ತಾರಾ ಅಂತ ನೋಡಿದ್ರಾ?" ಟ್ಯೂಬ್ ಬೇಗ ಹೊರಗೆ ಬಂದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆಗಲ್ಲ ಅಂದರೆ ಯಾಕೆ ಅಂತಲೂ ಕೇಳಿ, ಕಾರಣ ಇರಬಹುದು. ನೀವಾಗೇ ಮಂಚ, ಪೈಪು ಮುಟ್ಟಬೇಡಿ. ನಿಮ್ಮ ಕೈಯನ್ನು ಮಾತ್ರ ಒಳಗೆ ಹೋಗುವಾಗಲೂ ಬರುವಾಗಲೂ ತೊಳೆಯಿರಿ.

ನಮಗೆ ಕಲ್ಚರ್‌ನಲ್ಲಿ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ) ಬಂದದ್ದು ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ. ರಿಪೋರ್ಟ್ ತುಂಬ ಆಂಟಿಬಯೋಟಿಕ್‌ಗಳ ಮುಂದೆ 'ಆರ್', ಅಂದರೆ ಆ ಔಷಧಿ ನಾಟಲ್ಲ. ಕೊನೆಗೆ ಕೊಲಿಸ್ಟಿನ್ ಕೊಟ್ಟರು, ಅದು ಕಿಡ್ನಿಗೆ ಹೊಡೆಯಿತು, ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಕೂರಿಸಬೇಕಾಯಿತು. ತಲೆಪೆಟ್ಟಿನಿಂದ ಪಾರಾದ ಮನುಷ್ಯ ಈಗ ಉಸಿರಾಟದ ವ್ಯಾಯಾಮ ಮಾಡುತ್ತಾ ಕೂತಿದ್ದಾರೆ.

ಇನ್ನೊಂದು: ಬೇರೆ ಆಸ್ಪತ್ರೆಗೆ ಕರೆದೊಯ್ಯುವುದಾದರೆ ಕಲ್ಚರ್ ರಿಪೋರ್ಟ್ ಕಾಪಿ ಕೈಯಲ್ಲಿ ಹಿಡಿದೇ ಹೊರಡಿ. ನಮಗೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ಬರೆದೇ ಇರಲಿಲ್ಲ.