ನಿಮ್ಮ ಟರ್ಮಿನಲ್ ತೋರಿಸುವ ಓಪನ್ ಫೈಲ್ ಲಿಮಿಟ್ ನಂಬಬೇಡಿ

ಸರ್ಚ್ ಕ್ಲಸ್ಟರ್ ನೋಡಿಕೊಳ್ಳುವವರು ದಯವಿಟ್ಟು ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ. ಎರಡು ದಿನ ನಾವು ಪಟ್ಟ ಪಾಡು ನಿಮಗೆ ಬರಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಮೂರು ನೋಡ್‌ಗಳ, ಅಂದರೆ ಒಟ್ಟಿಗೆ ದುಡಿಯುವ ಮೂರು ಸರ್ವರ್‌ಗಳ, ಅಪಾಚೆ ಸೋಲರ್ ಕ್ಲಸ್ಟರ್. ಸೋಲರ್ ಅಂದರೆ ದಾಖಲೆಗಳನ್ನು ಹುಡುಕಿಕೊಡುವ ಸಾಫ್ಟ್‌ವೇರ್. ವರ್ಷನ್ ಹಳೆಯದು, ಅದು ಕೂತಿದ್ದ ಲಿನಕ್ಸ್ ಕೂಡ ಹಳೆಯದು. ಒಂದು ಸಂಜೆ ದೂರು ಬಂತು: ಹೊಸದಾಗಿ ಸೇರಿಸಿದ ದಾಖಲೆಗಳು ಹುಡುಕಿದರೆ ಸಿಗುತ್ತಿಲ್ಲ, ಹಳೆಯವು ಸಿಗುತ್ತಿವೆ. ಡ್ಯಾಶ್‌ಬೋರ್ಡ್ ನೋಡಿದರೆ ಮೂರೂ ನೋಡ್ ಹಸಿರು. ಸಿಪಿಯು ತಣ್ಣಗಿತ್ತು. ಡಿಸ್ಕ್ ಅರ್ಧವೂ ತುಂಬಿರಲಿಲ್ಲ.

ಮೊದಲ ನೋಡ್‌ನ ಲಾಗ್ ತೆರೆದೆ. ಕೊನೆಯ ಪುಟದ ತುಂಬ ಒಂದೇ ಮಾತು: 'ಟೂ ಮೆನಿ ಓಪನ್ ಫೈಲ್ಸ್'. ನಡುನಡುವೆ 'ದಿಸ್ ಇಂಡೆಕ್ಸ್‌ರೈಟರ್ ಈಸ್ ಕ್ಲೋಸ್ಡ್'. ಆಮೇಲೆ ಏನೂ ಇಲ್ಲ. ಲಾಗ್ ಅಲ್ಲಿಗೇ ನಿಂತಿತ್ತು. ಲಾಗ್ ಫೈಲ್ ತುಂಬಿ ಹೊಸದನ್ನು ತೆರೆಯುವ ಹೊತ್ತು ಬಂದಿತ್ತು, ಆ ಒಂದು ಫೈಲ್ ತೆರೆಯಲೂ ಪ್ರಾಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಜಾಗ ಉಳಿದಿರಲಿಲ್ಲ.

ಲಿನಕ್ಸ್‌ನಲ್ಲಿ ಒಂದು ಪ್ರಾಸೆಸ್ ತೆರೆದಿಟ್ಟ ಪ್ರತಿಯೊಂದು ಫೈಲ್‌ಗೂ ಒಂದು ನಂಬರ್ ಸಿಗುತ್ತದೆ. ಅದೇ ಫೈಲ್ ಡಿಸ್ಕ್ರಿಪ್ಟರ್. ನೆಟ್‌ವರ್ಕ್ ಸಾಕೆಟ್‌ಗೂ ಅದೇ ಲೆಕ್ಕ, ಪೈಪ್‌ಗೂ ಅದೇ. ಒಂದು ಪ್ರಾಸೆಸ್ ಇಂತಿಷ್ಟೇ ಇಟ್ಟುಕೊಳ್ಳಬಹುದು ಅಂತ ಮಿತಿ ಇರುತ್ತದೆ. ಅದು ಮುಗಿದರೆ ಹೊಸ ಕನೆಕ್ಷನ್ ಒಳಗೆ ಬರುವುದಿಲ್ಲ, ಹೊಸ ಫೈಲ್ ಹುಟ್ಟುವುದಿಲ್ಲ. ಆದರೆ ಈಗಾಗಲೇ ತೆರೆದಿರುವುದಕ್ಕೆ ಏನೂ ಆಗುವುದಿಲ್ಲ. ನಮ್ಮನ್ನು ದಾರಿ ತಪ್ಪಿಸಿದ್ದು ಇದೇ. ಯಾವ ನೋಡ್ ಬದುಕಿದೆ ಅಂತ ಲೆಕ್ಕ ಇಡುವ ಝೂಕೀಪರ್ ಜೊತೆಗಿನ ಕನೆಕ್ಷನ್ ಮೊದಲೇ ತೆರೆದಿತ್ತು, ಹಾಗಾಗಿ ನೋಡ್ 'ಬದುಕಿದ್ದೇನೆ' ಅಂತ ಹೇಳುತ್ತಲೇ ಇತ್ತು. ಹಳೆಯ ಇಂಡೆಕ್ಸ್ ಓದಲು ತೆರೆದೇ ಇತ್ತು, ಹಾಗಾಗಿ ಹಳೆಯ ದಾಖಲೆ ಸಿಗುತ್ತಿತ್ತು. ಬರೆಯುವುದು ಮಾತ್ರ ಸತ್ತುಹೋಗಿತ್ತು. ಸೋಲರ್ ಒಳಗಿನ ಸರ್ಚ್ ಲೈಬ್ರರಿ ಲೂಸೀನ್ ಹೊಸ ಸೆಗ್ಮೆಂಟ್ (ಇಂಡೆಕ್ಸ್‌ನ ಒಂದು ತುಂಡು) ಬರೆಯಲು ಹೋಗಿ ಫೈಲ್ ಸಿಗದಿದ್ದಾಗ, ಇಂಡೆಕ್ಸ್ ಕೆಡದಿರಲಿ ಅಂತ ರೈಟರನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಡಿಸ್ಕ್ರಿಪ್ಟರ್‌ಗಳು ತೆರವಾಗಿ ಜಾಗ ಸಿಕ್ಕರೂ ಆ ರೈಟರ್ ತಾನಾಗಿ ತೆರೆದುಕೊಳ್ಳಲಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ರೀಸ್ಟಾರ್ಟ್. ಎಲ್ಲ ಸರಿಹೋಯಿತು. ಮಲಗಿದೆವು. ಬೆಳಗಿನ ಜಾವ ಎರಡು ನೋಡ್ ಒಟ್ಟಿಗೇ ಅದೇ ಸ್ಥಿತಿಗೆ ಬಂದವು. ಮೊದಲನೆಯದು ತುಂಬಿದಾಗ ಕ್ಲೈಂಟ್‌ಗಳೆಲ್ಲ ಎರಡನೆಯದರ ಮೇಲೆ ಬಿದ್ದಿದ್ದವು. ಅದರ ಮಿತಿಯೂ ಅಷ್ಟೇ ಅಲ್ವಾ, ಬೇಗನೇ ತುಂಬಿತು.

ಮಾರನೇ ದಿನ ನಮ್ಮ ತಂಡದವರು ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್ ತೆರೆದು ಸೋಲರ್ ಯೂಸರ್‌ಗೆ ನೋಫೈಲ್ (ಓಪನ್ ಫೈಲ್ ಮಿತಿ) 65000 ಅಂತ ಹಾಕಿದರು. ಆ ಯೂಸರ್ ಆಗಿ ಲಾಗಿನ್ ಆಗಿ ಮಿತಿ ತೋರಿಸುವ ಯುಲಿಮಿಟ್ ಕಮಾಂಡ್ ಕೊಟ್ಟರು. 65000 ಅಂತ ಬಂತು. ಮೂರೂ ನೋಡ್‌ಗೆ ಅದನ್ನೇ ಮಾಡಿ, ಒಂದೊಂದಾಗಿ ರೀಸ್ಟಾರ್ಟ್ ಮಾಡಿ, ಕೆಲಸ ಆಯ್ತು ಅಂತ ಎಲ್ಲರಿಗೂ ತಿಳಿಸಿದೆವು. ಸಂಜೆಗೆ ಮತ್ತೆ ಅದೇ ದೂರು.

ಆಗ ಹೋಗಿ ನಾನು ಕೇಳಬೇಕಾದವರನ್ನು ಕೇಳಿದೆ, ಅಂದರೆ ಓಡುತ್ತಿರುವ ಪ್ರಾಸೆಸನ್ನೇ. ಪ್ರೋಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರಾಸೆಸ್‌ನ ಪಿಐಡಿ (ಗುರುತಿನ ನಂಬರ್) ಹೆಸರಲ್ಲಿ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಲಿಮಿಟ್ಸ್ ಅನ್ನುವ ಫೈಲ್. ಅದನ್ನು ತೆರೆದರೆ 'ಮ್ಯಾಕ್ಸ್ ಓಪನ್ ಫೈಲ್ಸ್' ಸಾಲಿನಲ್ಲಿ ಎರಡು ಅಂಕಿ: 4096, 4096. ಆ ಸಾಲನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ. ಟರ್ಮಿನಲ್ ಹೇಳುತ್ತಿದ್ದುದು 65000, ಸರ್ವರ್ ಉಸಿರಾಡುತ್ತಿದ್ದುದು 4096ರಲ್ಲಿ.

ಕಾರಣ ಇಷ್ಟೇ. ಲಿಮಿಟ್ಸ್ ಡಾಟ್ ಕಾನ್ಫ್ ಓದುವುದು ಪ್ಯಾಮ್, ಅಂದರೆ ಲಿನಕ್ಸ್‌ನ ಲಾಗಿನ್ ನೋಡಿಕೊಳ್ಳುವ ಭಾಗ. ಯಾರಾದರೂ ಲಾಗಿನ್ ಆದಾಗ ಅದು ಕೆಲಸ ಮಾಡುತ್ತದೆ. ನಮ್ಮ ಸೋಲರ್ ಅನ್ನು ಎಬ್ಬಿಸುವುದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ, ನಾವೇ ಬರೆದ ಯೂನಿಟ್ ಫೈಲ್‌ನಿಂದ (ಸರ್ವಿಸ್ ಹೇಗೆ ಓಡಬೇಕು ಅಂತ ಹೇಳುವ ಫೈಲ್). ಅಲ್ಲಿ ಯಾರೂ ಲಾಗಿನ್ ಆಗುವುದಿಲ್ಲ, ಹಾಗಾಗಿ ಆ ಫೈಲ್ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಸಿಸ್ಟಮ್‌ಡಿಗೆ ಹೇಳಬೇಕಾದ್ದು ಯೂನಿಟ್‌ನಲ್ಲೇ: ಸರ್ವಿಸ್ ಭಾಗದಲ್ಲಿ 'ಲಿಮಿಟ್‌ನೋಫೈಲ್' ಅನ್ನುವ ಸಾಲು. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು ಅದನ್ನು ಸೇರಿಸಿ, ಡೀಮನ್-ರೀಲೋಡ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಮೇಲೆ ಮತ್ತೆ ಪ್ರೋಕ್‌ಗೆ ಹೋಗಿ ಹೊಸ ಪಿಐಡಿಯ ಲಿಮಿಟ್ಸ್ ಫೈಲ್ ನೋಡಿ. ಅಲ್ಲಿ ಅಂಕಿ ಬದಲಾಗಿದ್ದರೆ ಮಾತ್ರ ಬದಲಾಗಿದೆ. ಕಂಟೇನರ್‌ನಲ್ಲಿ ಓಡಿಸುವವರಿಗೂ ಇದೇ ಮಾತು. ಮಿತಿ ಬರುವುದು ಕಂಟೇನರ್ ರನ್‌ಟೈಮ್‌ನಿಂದ, ಹೋಸ್ಟ್‌ನಲ್ಲಿ ನೀವು ಲಾಗಿನ್ ಆದಾಗ ಕಾಣುವ ಅಂಕಿಯಿಂದ ಅಲ್ಲ.

ಇನ್ನೊಂದು ಗೊಂದಲ ಇತ್ತು. ಸ್ಟಾರ್ಟ್ ಆಗುವಾಗ ಸ್ಕ್ರಿಪ್ಟ್‌ಗೆ ಕಾಣುವ ಮಿತಿ 1024, ಪ್ರೋಕ್‌ನಲ್ಲಿ 4096. ಇದು ಜಾವಾದ ಕೆಲಸ. ಮಿತಿಗೆ ಎರಡು ಅಂಚು, ಸಾಫ್ಟ್ ಮತ್ತು ಹಾರ್ಡ್. ಹಳೆಯ ಸಿಸ್ಟಮ್‌ಗಳಲ್ಲಿ ಅವು 1024 ಮತ್ತು 4096 ಇರುತ್ತಿದ್ದವು. ಸೋಲರ್ ಅನ್ನು ಓಡಿಸುವ ಜೆವಿಎಂ (ಜಾವಾ ವರ್ಚುವಲ್ ಮೆಷಿನ್) ಏಳುವಾಗಲೇ ಸಾಫ್ಟ್ ಮಿತಿಯನ್ನು ಹಾರ್ಡ್ ತನಕ ಏರಿಸಿಕೊಳ್ಳುತ್ತದೆ. ನಾವು ಇಷ್ಟು ವರ್ಷ ಬಚಾವಾಗಿದ್ದು ಅದರಿಂದಲೇ.

ಈಗ ನನಗೆ ಹೆಚ್ಚು ನೋವು ಕೊಟ್ಟ ಸಂಗತಿ. ಸೋಲರ್ ಇದನ್ನು ನಮಗೆ ಮೊದಲೇ ಹೇಳಿತ್ತು. ಮಿತಿ ಕಡಿಮೆ ಇದ್ದರೆ ಅದರ ಸ್ಟಾರ್ಟ್ ಸ್ಕ್ರಿಪ್ಟ್ ಎಚ್ಚರಿಕೆ ಕೊಡುತ್ತದೆ: ನಿಮ್ಮ ಓಪನ್ ಫೈಲ್ ಲಿಮಿಟ್ 1024 ಇದೆ, 65000 ಇರಬೇಕು. ಅದರ ಕೆಳಗೇ, ಈ ಎಚ್ಚರಿಕೆ ಬೇಡವಾದರೆ ಇಂಥ ಸೆಟ್ಟಿಂಗ್ ಫಾಲ್ಸ್ ಮಾಡಿ ಅಂತಲೂ ಇರುತ್ತದೆ. ನಮ್ಮ ಕಾನ್ಫಿಗ್ ಫೈಲ್‌ನಲ್ಲಿ ಸೋಲರ್ ಯುಲಿಮಿಟ್ ಚೆಕ್ಸ್ ಅನ್ನುವ ಸಾಲು ಫಾಲ್ಸ್ ಆಗಿ ಕೂತಿತ್ತು. ಲಾಗ್‌ನಲ್ಲಿ ಗದ್ದಲ ಜಾಸ್ತಿ ಅಂತ ಹಿಂದೆ ಯಾವಾಗಲೋ ಮಾಡಿದ ಬದಲಾವಣೆ. ಒಪ್ಪಿಗೆ ಕೊಟ್ಟಿದ್ದು ನಾನೇ. ಸೋಲರ್‌ನಂಥದೇ ಇನ್ನೊಂದು ಸರ್ಚ್ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್ ಈ ವಿಷಯದಲ್ಲಿ ಗಟ್ಟಿ. ಬೇರೆ ಮೆಷಿನ್‌ಗಳಿಗೆ ಕಾಣುವ ವಿಳಾಸಕ್ಕೆ ಕಟ್ಟಿ ಕ್ಲಸ್ಟರ್ ಆಗಿ ನಡೆಸುವಾಗ ಮಿತಿ 65535ಕ್ಕಿಂತ ಕಡಿಮೆ ಇದ್ದರೆ ಅದು ಏಳುವುದೇ ಇಲ್ಲ. ಆ ಹಠ ಎಷ್ಟು ಒಳ್ಳೆಯದು ಅಂತ ಈಗ ಅರ್ಥವಾಗಿದೆ. ನೀವು ಸೋಲರ್ ಬಳಸುತ್ತಿದ್ದರೆ ಇವತ್ತೇ ಆ ಸಾಲು ಹುಡುಕಿ. ಫಾಲ್ಸ್ ಇದ್ದರೆ ತೆಗೆದುಹಾಕಿ.

ಮಿತಿ ಏರಿತು. ಇಲ್ಲಿಗೆ ನಿಲ್ಲಿಸಬೇಡಿ. ನಾವು ನಿಲ್ಲಿಸುವುದರಲ್ಲಿದ್ದೆವು. ಆದರೆ ವರ್ಷಗಟ್ಟಲೆ 4096ರಲ್ಲೇ ನಡೆದ ಸರ್ವರ್‌ಗೆ ಈ ವಾರ ಏನಾಯಿತು ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು.

ಮೊದಲು ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಕಮಾಂಡ್ ಓಡಿಸಿ ಸಾಲು ಎಣಿಸಿದೆವು. 9000 ದಾಟಿತ್ತು. 4096 ಮಿತಿ ಇದ್ದಾಗಲೂ ಎಣಿಸಿಟ್ಟಿದ್ದೆವು, ಆಗಲೂ 9000ದ ಹತ್ತಿರ ಇತ್ತು. ಹೇಗೆ ಸಾಧ್ಯ? ಸಾಲುಗಳನ್ನು ಕಣ್ಣಿಟ್ಟು ನೋಡಿದಾಗ ಗೊತ್ತಾಯಿತು. ಇಂಡೆಕ್ಸ್ ಫೈಲ್‌ಗಳ ಮುಂದೆ ಡಿಸ್ಕ್ರಿಪ್ಟರ್ ನಂಬರ್ ಇರಲಿಲ್ಲ, 'ಮೆಮ್' ಅಂತ ಇತ್ತು. 64 ಬಿಟ್ ಲಿನಕ್ಸ್‌ನಲ್ಲಿ ಲೂಸೀನ್ ಸಾಮಾನ್ಯವಾಗಿ ಇಂಡೆಕ್ಸ್ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಡಿಸ್ಕ್ರಿಪ್ಟರ್ ಮುಚ್ಚಿಬಿಡುತ್ತದೆ. ಅವು ಈ ಮಿತಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಅವುಗಳಿಗೆ ಬೇರೆ ಮಿತಿ, ವಿಎಂ ಮ್ಯಾಕ್ಸ್ ಮ್ಯಾಪ್ ಕೌಂಟ್. ತುಂಬ ಕಾಲದಿಂದ ಲಿನಕ್ಸ್ ಕರ್ನಲ್‌ನಲ್ಲಿ ಅದರ ಡಿಫಾಲ್ಟ್ 65530, ಎಲಾಸ್ಟಿಕ್‌ಸರ್ಚ್ ಕೇಳುವುದು ಕನಿಷ್ಠ 262144. ಅದು ಮುಗಿದರೆ ಬರುವ ದೋಷವೇ ಬೇರೆ, 'ಮ್ಯಾಪ್ ಫೇಲ್ಡ್' ಅಂತ. ಎರಡನ್ನೂ ಬೆರೆಸಿಕೊಂಡು ನಾವು ಅರ್ಧ ದಿನ ಕಳೆದೆವು.

ನಿಜವಾದ ಲೆಕ್ಕ ಸಿಗುವುದು ಪ್ರೋಕ್‌ನ ಅದೇ ಪಿಐಡಿ ಫೋಲ್ಡರ್‌ನ 'ಎಫ್‌ಡಿ' ಡೈರೆಕ್ಟರಿಯಲ್ಲಿ. ಒಂದೊಂದು ಡಿಸ್ಕ್ರಿಪ್ಟರ್‌ಗೆ ಒಂದೊಂದು ಲಿಂಕ್. ಅದು ಎಲ್ಲಿಗೆ ಕೈ ತೋರಿಸುತ್ತದೆ ಅಂತ ಉದ್ದ ಪಟ್ಟಿ ತೆಗೆದು ನೋಡಿದೆ. ಮೊದಲ ಕೆಲವು ಜಾರ್ ಫೈಲ್‌ಗಳು. ಆಮೇಲೆ ಟ್ರಾನ್ಸಾಕ್ಷನ್ ಲಾಗ್‌ಗಳು. ಅಲ್ಲಿಂದ ಕೆಳಗೆ ಪರದೆ ಉರುಳಿದಷ್ಟೂ ಸಾಕೆಟ್, ಸಾಕೆಟ್, ಸಾಕೆಟ್. 4000ಕ್ಕೆ ಹತ್ತಿರ. ಎಸ್‌ಎಸ್ ಕಮಾಂಡ್‌ನಿಂದ ಯಾವ ಐಪಿಯಿಂದ ಬಂದಿವೆ ಅಂತ ನೋಡಿದರೆ ಬಹುಪಾಲು ಒಂದೇ ಮೆಷಿನ್‌ನಿಂದ. ದಾಖಲೆಗಳನ್ನು ಸೋಲರ್‌ಗೆ ತುಂಬುವ ನಮ್ಮದೇ ಇಂಪೋರ್ಟ್ ಜಾಬ್, ಆ ವಾರವಷ್ಟೇ ಬದಲಾಯಿಸಿದ್ದು.

ಅದರ ಕೋಡ್‌ನಲ್ಲಿ ಪ್ರತಿ ದಾಖಲೆಗೂ ಹೊಸ ಸೋಲರ್ ಕ್ಲೈಂಟ್ ಆಬ್ಜೆಕ್ಟ್ ಹುಟ್ಟುತ್ತಿತ್ತು. ಮುಚ್ಚುತ್ತಿರಲಿಲ್ಲ. ಕೆಲಸ ಮುಗಿದರೂ ಕನೆಕ್ಷನ್ ಸುಮ್ನೆ ತೆರೆದೇ ಇರುತ್ತಿತ್ತು, ಸರ್ವರ್ ತಾನೇ ಬೇಸತ್ತು ಕಡಿದುಹಾಕುವ ತನಕ. ನಮ್ಮಲ್ಲಿ ಆ ಐಡಲ್ ಟೈಮ್‌ಔಟ್ 120 ಸೆಕೆಂಡ್. ಒಂದು ನೋಡ್‌ಗೆ ಸೆಕೆಂಡಿಗೆ 30 ದಾಖಲೆ ಬಂದರೂ ಯಾವಾಗ ನೋಡಿದರೂ 3600 ಸಾಕೆಟ್ ತೆರೆದಿರುತ್ತವೆ. ಸರ್ವರ್‌ಗೆ ಮಾಮೂಲಾಗಿ ಬೇಕಾದ ಕೆಲವು ನೂರನ್ನು ಅದಕ್ಕೆ ಸೇರಿಸಿ. ಜಾಬ್ ಸ್ವಲ್ಪ ಚುರುಕಾದರೆ ಸಾಕು, 4096 ಮುಗಿಯಿತು. ಒಂದೇ ಕ್ಲೈಂಟ್ ಇಟ್ಟುಕೊಂಡು ಎಲ್ಲ ದಾಖಲೆಗೂ ಅದನ್ನೇ ಬಳಸುವಂತೆ ಮಾಡಿ, ಒಂದೊಂದರ ಬದಲು 500 ದಾಖಲೆ ಒಟ್ಟಿಗೆ ಕಳಿಸಿದೆವು. ಹತ್ತು ನಿಮಿಷದಲ್ಲಿ ಸಾಕೆಟ್‌ಗಳ ಸಂಖ್ಯೆ ಎರಡಂಕಿಗೆ ಇಳಿಯಿತು.

ಮಿತಿ 65000 ಇದ್ದಿದ್ದರೆ ಈ ಸೋರಿಕೆ ನಮಗೆ ಗೊತ್ತೇ ಆಗುತ್ತಿರಲಿಲ್ಲ ಅನ್ನುವುದೂ ನಿಜ. ಅದಕ್ಕೇ ಈಗ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಗ್ರಾಫ್ ಮಾಡುತ್ತೇವೆ: ತೆರೆದಿರುವ ಡಿಸ್ಕ್ರಿಪ್ಟರ್ ಎಷ್ಟು, ಮಿತಿ ಎಷ್ಟು. ಸೋಲರ್‌ನ ಮೆಟ್ರಿಕ್ಸ್‌ನಲ್ಲೂ ಇವೆ, ಎಲಾಸ್ಟಿಕ್‌ಸರ್ಚ್‌ನ ನೋಡ್ ಸ್ಟಾಟ್ಸ್‌ನಲ್ಲೂ ಇವೆ. ಅಲಾರಂ ಇಟ್ಟಿರುವುದು ಮಿತಿಯ ಲೆಕ್ಕದಲ್ಲಲ್ಲ. ನಮ್ಮ ನೋಡ್‌ಗಳಲ್ಲಿ ಮಾಮೂಲಿ ಸಂಖ್ಯೆ 600ರ ಒಳಗೆ ಇರುತ್ತದೆ, 1500 ದಾಟಿದರೆ ಯಾರಾದರೂ ಎದ್ದು ನೋಡುತ್ತಾರೆ. ಮಿತಿಯ ಅಂಕಿಗೂ ಬೇರೆ ಅಲಾರಂ ಇದೆ. ಯಾರೋ ಯೂನಿಟ್ ಫೈಲ್ ಬದಲಾಯಿಸಿ ಅದು ಸದ್ದಿಲ್ಲದೆ ಇಳಿದರೆ ತಿಳಿಯಲಿ ಅಂತ.

ಕೊನೆಗೆ ದಾಖಲೆಗಳ ಮಾತು. ಎಲ್ಲ ನೋಡ್ ಎದ್ದ ಮೇಲೆ ಪ್ರತಿ ಶಾರ್ಡ್‌ನ (ಇಂಡೆಕ್ಸ್‌ನ ಒಂದು ಪಾಲಿನ) ಲೀಡರ್ ಅಂದರೆ ಮುಖ್ಯ ಪ್ರತಿ ಮತ್ತು ರೆಪ್ಲಿಕಾ ಅಂದರೆ ನಕಲು ಪ್ರತಿಯಲ್ಲಿ ಎಷ್ಟು ದಾಖಲೆ ಇವೆ ಅಂತ ಎಣಿಸಿದೆವು. ಅವು ಒಂದಕ್ಕೊಂದು ಸರಿಹೊಂದಿದವು, ಆದರೆ ಮೂಲ ಡೇಟಾಬೇಸ್ ಜೊತೆ ಹೊಂದಲಿಲ್ಲ. ಸೋಲರ್ ದೋಷ ಅಂತ ಉತ್ತರ ಕೊಟ್ಟಾಗಲೂ ಇಂಪೋರ್ಟ್ ಜಾಬ್ ಅದನ್ನು ಬರೆದಿಟ್ಟುಕೊಳ್ಳದೆ ಮುಂದಿನ ದಾಖಲೆಗೆ ಹೋಗಿತ್ತು. ಯಾವುದು ಸೇರಿದೆ, ಯಾವುದು ಇಲ್ಲ ಅಂತ ಹೇಳುವ ಪಟ್ಟಿ ಎಲ್ಲೂ ಇರಲಿಲ್ಲ. ಆ ವಾರದ ಎಲ್ಲ ದಾಖಲೆಗಳನ್ನೂ ಮೊದಲಿನಿಂದ ಮತ್ತೆ ಇಂಡೆಕ್ಸ್ ಮಾಡಿದೆವು. ಅದಕ್ಕೇ ಇನ್ನೊಂದು ಇಡೀ ದಿನ ಹಿಡಿಯಿತು.