40 ಲೀಟರಿನ ಬ್ಯಾಕ್‌ಪ್ಯಾಕ್: ಮೆಕಾಂಗ್ ನದಿಯಿಂದ ಬಳ್ಳಾರಿ ಮನೆಯ ತನಕ

ಈ ಬ್ಯಾಗ್ ತಗೊಂಡು ಕೆಲವು ವರ್ಷಗಳಾದವು. ಹೊಸತರಲ್ಲಿ ಎಲ್ಲ ಬ್ಯಾಗೂ ಚೆನ್ನಾಗೇ ಕಾಣುತ್ತವೆ, ಹಾಗಾಗಿ ಆಗ ಏನೂ ಬರೆಯಲಿಲ್ಲ. ಈಗ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಸುತ್ತಿ ಬಂದ ಮೇಲೆ ಧೈರ್ಯವಾಗಿ ಹೇಳಬಲ್ಲೆ. ನನ್ನ ಪ್ರಕಾರ ಬ್ಯಾಗಿನ ನಿಜವಾದ ಪರೀಕ್ಷೆ ನಡೆಯುವುದು ತಿರುಗಾಟದ ಕೊನೆಯ ವಾರದಲ್ಲಿ. ಆಗ ಹೆಗಲು ನೋಯುತ್ತಿದ್ದರೆ ಊರು ಸೇರಿದರೆ ಸಾಕು ಅನಿಸುತ್ತದೆ, ಕಣ್ಣಿಗೆ ಏನೂ ಹತ್ತುವುದಿಲ್ಲ. ಮೈ ಹಗುರವಾಗಿದ್ದರೆ ಮಾತ್ರ ಆ ಕೊನೆಯ ದಿನಗಳ ಸಣ್ಣಪುಟ್ಟ ಸುಖಗಳು ಸಿಗುತ್ತವೆ. ನನಗೆ ಸಿಕ್ಕವು.

ಮೊದಲು ತೂಕದ ಮಾತು. ಆ ಕಡೆಯ ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಹೀಗಾಗಿ 60 ಲೀಟರಿನ ಬ್ಯಾಗ್ ಕೊಂಡರೆ ಅದನ್ನು ತುಂಬಿಸುವ ಆಸೆಯೂ ಬರುತ್ತದೆ, ಲಗೇಜಿಗೆ ದುಡ್ಡೂ ಹೋಗುತ್ತದೆ. 40 ಲೀಟರಿನಲ್ಲಿ ಮೂರು ಜೊತೆ ಬಟ್ಟೆ, ತೆಳು ಟವೆಲ್, ಚಪ್ಪಲಿ, ಔಷಧಿ, ಚಾರ್ಜರ್ ಹಿಡಿಸಿ ಇನ್ನೂ ಜಾಗ ಉಳಿಯಿತು. ಮೇಲಿನ ಪುಟ್ಟ ಜೇಬು ನನಗೆ ತುಂಬಾ ಇಷ್ಟ. ಪವರ್ ಬ್ಯಾಂಕನ್ನು ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಹಾಕುವಂತಿಲ್ಲ. ಗೇಟಿನ ಹತ್ತಿರ ಕೊನೇ ಗಳಿಗೆಯಲ್ಲಿ 'ಬ್ಯಾಗ್ ಕೆಳಗೆ ಕಳಿಸಿ' ಅಂದಾಗ ಆ ಜೇಬಿನಿಂದ ತಟ್ಟನೆ ತೆಗೆದುಕೊಂಡರೆ ಆಯಿತು.

ಕೊಳ್ಳುವವರು ಲೀಟರಿಗಿಂತ ಮೊದಲು ಬೆನ್ನಿನ ಅಳತೆ ನೋಡಿ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ಕಾಣುವ ಎಲುಬಿನಿಂದ ಸೊಂಟದ ಮೂಳೆಯ ಮೇಲ್ಮಟ್ಟದ ತನಕ ಟೇಪ್ ಹಿಡಿಯಿರಿ. ಬ್ಯಾಗಿನ ಬೆನ್ನು ಅದಕ್ಕೆ ಹೊಂದಬೇಕು. ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಬಿಗಿದರೆ ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಇಳಿಯುತ್ತದೆ, ಹೆಗಲಿಗೆ ಉಳಿಯುವುದು ಸ್ವಲ್ಪ. ಈ ಬ್ಯಾಗಿನ ಸೊಂಟದ ಪಟ್ಟಿ ದಪ್ಪಗಿದೆ, ಬೆವರಿಗೂ ಜಾರುವುದಿಲ್ಲ.

ಮಳೆಯಲ್ಲಿ ಹೇಗೆ ಅಂತ ಕೇಳುವವರಿಗೆ: ಲಾವೋಸಿನಲ್ಲಿ ಥಾಯ್ ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯ ಮೇಲೆ ನಿಧಾನದ ದೋಣಿ ಹೋಗುತ್ತದೆ. ಎರಡು ದಿನದ ದಾರಿ, ನಡುವೆ ರಾತ್ರಿ ಪಾಕ್‌ಬೆಂಗ್ ಊರಲ್ಲಿ ತಂಗಬೇಕು. ದೋಣಿ ಇಳಿದು ದಂಡೆ ಹತ್ತುವಾಗ ಜೋರು ಮಳೆ. ಜೊತೆಗೆ ಕೊಟ್ಟ ಮಳೆಹೊದಿಕೆ ಮುಂಭಾಗ ಕಾಪಾಡಿತು, ಆದರೆ ಬೆನ್ನಿನ ಕಡೆಯಿಂದ ನೀರು ಇಳಿಯಿತು. ಇಂಥ ಮಳೆಹೊದಿಕೆ ಸಾಮಾನ್ಯವಾಗಿ ಬೆನ್ನಿನ ಭಾಗ ಮುಚ್ಚುವುದಿಲ್ಲವಾದ್ದರಿಂದ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿಯೇ ಬಟ್ಟೆ ಇಡಬೇಕು. ನನ್ನ ಬಟ್ಟೆ ಒಣಗಿಯೇ ಇದ್ದವು.

ಇನ್ನು ಕೊನೆಯ ವಾರ. ಬ್ಯಾಂಕಾಕ್ ತಲುಪಿದಾಗ ಗೆಳತಿಯೂ ನಾನೂ ಒಂದೇ ತೀರ್ಮಾನ ಮಾಡಿದೆವು: ಇನ್ನು ಹೊಸ ಜಾಗ ನೋಡುವುದು ಬೇಡ. ಹಾಸ್ಟೆಲ್ಲಿನ ಬಂಕ್ ಬಿಟ್ಟು ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮು ಹಿಡಿದೆವು. ಇದ್ದಬದ್ದ ಬಟ್ಟೆಯನ್ನೆಲ್ಲ ಓಣಿಯ ಲಾಂಡ್ರಿಗೆ ಕೊಟ್ಟೆವು. ಅಲ್ಲಿ ಕಿಲೋ ಲೆಕ್ಕದಲ್ಲಿ ಒಗೆದು, ಒಣಗಿಸಿ, ಮಡಿಸಿ ಕೊಡುತ್ತಾರೆ. ವಾರಗಟ್ಟಲೆ ಸಿಂಕಿನಲ್ಲಿ ಒಂದೊಂದೇ ಅಂಗಿ ಹಿಂಡಿದವರಿಗೆ ಆ ಬೆಚ್ಚನೆಯ ಗಂಟು ಕೈಗೆ ಬಂದಾಗಿನ ಖುಷಿ ಗೊತ್ತಿರುತ್ತದೆ. ಬ್ಯಾಗ್ ಪೂರ್ತಿ ಖಾಲಿ ಮಾಡಿ, ಧೂಳು ಕೊಡವಿ, ಒಗೆದ ಬಟ್ಟೆಯನ್ನಷ್ಟೇ ಒಳಗಿಟ್ಟೆ. ಸೂಟ್‌ಕೇಸಿನ ಹಾಗೆ ಇಡೀ ಮುಂಭಾಗ ತೆರೆಯುವ ಜಿಪ್ ಇದರ ದೊಡ್ಡ ಗುಣ. ಮೇಲಿನಿಂದ ಮಾತ್ರ ತೆರೆಯುವ ಬ್ಯಾಗಿನಲ್ಲಿ ತಳದ ಕಾಲುಚೀಲಕ್ಕೆ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಜಿಪ್ ವೈಕೆಕೆ ಕಂಪನಿಯದು, 1934ರಲ್ಲಿ ಶುರುವಾದ ಜಪಾನಿನ ಕಂಪನಿ. ಇಷ್ಟು ಬಳಸಿದ ಮೇಲೂ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ.

ಆ ದಿನಗಳಲ್ಲಿ ಉಳಿದ ನಾಣ್ಯ ಖರ್ಚು ಮಾಡುವುದೇ ನಮ್ಮ ಕೆಲಸ. ದುಡ್ಡು ಬದಲಿಸುವ ಅಂಗಡಿಯವರು ನೋಟು ತಗೊಳ್ಳುತ್ತಾರೆ, ಚಿಲ್ಲರೆ ನಾಣ್ಯ ಮುಟ್ಟುವುದಿಲ್ಲ. ಹಾಗಾಗಿ ಥಾಯ್ಲೆಂಡಿನ ಬಾತ್ ನಾಣ್ಯಗಳೆಲ್ಲ ಚಾವೊ ಫ್ರಾಯಾ ನದಿಯ ದೋಣಿ ಟಿಕೆಟ್ಟಿಗೆ, ತೆಂಗಿನ ಹಾಲು ಹೊಯ್ದ ಅಂಟನ್ನ-ಮಾವಿನಹಣ್ಣಿಗೆ ಹೋದವು. ಉಳಿದ ಸೋಪಿನ ಪುಡಿ, ಸೊಳ್ಳೆ ಮುಲಾಮು, ಕೊಡೆಯನ್ನು ಆಗಷ್ಟೇ ತಿರುಗಾಟ ಶುರು ಮಾಡಿದ್ದ ಇಬ್ಬರು ಹುಡುಗಿಯರಿಗೆ ಕೊಟ್ಟೆವು. ದಿನದಿನಕ್ಕೆ ಬ್ಯಾಗ್ ಹಗುರವಾಗುತ್ತಾ ಬಂತು, ಬದಿಯ ಪಟ್ಟಿಗಳನ್ನು ಬಿಗಿದರೆ ಅದಕ್ಕೆ ತಕ್ಕಂತೆ ಸಣ್ಣದೂ ಆಯಿತು. ಅರ್ಧ ಖಾಲಿ ಬ್ಯಾಗ್ ಜೋತು ಬಿದ್ದು ಬೆನ್ನು ಹಿಂದಕ್ಕೆ ಎಳೆಯುವುದನ್ನು ಬೇರೆಯವರ ಬೆನ್ನಲ್ಲಿ ನೋಡಿದ್ದೇನೆ, ಇದರಲ್ಲಿ ಆ ತೊಂದರೆ ಇಲ್ಲ.

ಬೆಂಗಳೂರಲ್ಲಿ ಇಳಿದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಬ್ಯಾಗ್ ಸ್ಲೀಪರಿನ ಕೆಳಸೀಟಿನಡಿ ಸಲೀಸಾಗಿ ಹಿಡಿಸುತ್ತದೆ. ಪಕ್ಕದ ಬರ್ತಿನಲ್ಲಿ ಯಾರೋ 'ಸ್ವಲ್ಪ ಸರೀರೀ' ಅಂದಿದ್ದು ಕೇಳಿಯೇ ಕಣ್ಣು ತುಂಬಿತು. ಬಳ್ಳಾರಿಯಲ್ಲಿ ಇಳಿದವಳು ಮನೆಗೆ ಹೋಗುವ ಮೊದಲೇ ಒಗ್ಗರಣಿ-ಮಿರ್ಚಿ ತಿಂದೆ. ನೆನೆದ ಮಂಡಕ್ಕಿ, ಪುಟಾಣಿ ಪುಡಿ, ಮೇಲೆ ಬಿಸಿ ಮಿರ್ಚಿ. ಲಾವೋಸಿನ ಸೂಪನ್ನೂ ವಿಯೆಟ್ನಾಮಿನ ಕಾಫಿಯನ್ನೂ ಮನಸಾರೆ ಮೆಚ್ಚಿದವಳೇ ನಾನು. ಆದರೂ ಬೆಳ್ಳಂಬೆಳಗ್ಗೆ ಇದರ ಖಾರ ನಾಲಿಗೆಗೆ ತಾಗಿದಾಗಲೇ ಪ್ರವಾಸ ಮುಗಿಯಿತು ಅಂತ ಒಪ್ಪಿಕೊಂಡೆ. ಮನೆಯಲ್ಲಿ ತಂಬಿಗೆಯಿಂದ ಮೊಗೆದು ಹೊಯ್ದುಕೊಳ್ಳುವ ಬಿಸಿನೀರು, ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು. ಬ್ಯಾಗ್ ಬಿಚ್ಚಿದಾಗ ಅವ್ವ, 'ಇಷ್ಟು ದಿನ ಇಷ್ಟ ಬಟ್ಟಿಯೊಳಗ ಹೆಂಗಿದ್ದಿ?' ಅಂತ ಕೇಳಿದಳು. ಕೊಳಕು ವಾಸನೆಯ ಗಂಟು ಅವಳ ಮುಂದೆ ಬಿಚ್ಚಬೇಕಾಗಲಿಲ್ಲ, ಅದೂ ಒಂದು ಸುಖವೇ.

ದೋಷ ಎರಡು. ಎಡ ಹೆಗಲಪಟ್ಟಿ ಬ್ಯಾಗಿಗೆ ಸೇರುವ ಕಡೆ ಹೊಲಿಗೆ ಬಿಟ್ಟಿತು. ಕಂಪನಿಗೆ ಬರೆದರೆ ಉತ್ತರ ಬರುವುದು ತುಂಬಾ ತಡವಾಯಿತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಬರವಿಲ್ಲ, ಅಂಥ ಒಂದು ಕಡೆ ದಪ್ಪ ದಾರದಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಹಾಕಿಸಿದೆ. 'ಬ್ಯಾಗ್ ಹರಿದರೂ ಇದು ಬಿಚ್ಚಂಗಿಲ್ರೀ' ಅಂದರು ದರ್ಜಿ. ಅಲ್ಲಿಂದೀಚೆಗೆ ಆ ಜಾಗ ಅಲ್ಲಾಡಿಲ್ಲ. ಎರಡನೆಯದು, ಒಳಗಿನ ಪಾಲಿಯುರೆಥೇನ್ ಲೇಪ ಒಂದು ಮೂಲೆಯಲ್ಲಿ ಅಂಟಂಟಾಗುತ್ತಿದೆ. ತೇವ ಮತ್ತು ಶಾಖ ಎರಡೂ ಸೇರಿದರೆ ಈ ಲೇಪ ವರ್ಷಗಳಲ್ಲಿ ಒಡೆಯುತ್ತದೆ. ಆದ್ದರಿಂದ ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಬೇಸಿಗೆಯಲ್ಲಿ ನಮ್ಮ ಅಟ್ಟ ಕೆಂಡದಂತೆ ಕಾಯುತ್ತದೆ, ಅಲ್ಲಿಡದೆ ಕೋಣೆಯ ಗೂಟಕ್ಕೆ ಜಿಪ್ ತೆರೆದು ನೇತು ಹಾಕಿ.

ಟೆಂಟು, ಹಾಸಿಗೆ ಹೊತ್ತು ಬೆಟ್ಟ ಹತ್ತುವವರಿಗೆ ಈ ಬ್ಯಾಗ್ ಸಾಲುವುದಿಲ್ಲ. ಬಸ್ಸು, ರೈಲು, ದೋಣಿಯಲ್ಲಿ ಊರೂರು ಸುತ್ತುವವರು ಕಣ್ಣುಮುಚ್ಚಿ ತಗೊಳ್ಳಬಹುದು. ಕೊಂಡ ಕೂಡಲೇ ಹೆಗಲಪಟ್ಟಿಗೆ ಇನ್ನೊಂದು ಸಾಲು ಹೊಲಿಗೆ ಹಾಕಿಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.